ಬೆಂಡ್ ಪೈಪ್ ಮತ್ತೆ ಮತ್ತೆ ಸೀಳುತ್ತಿದೆಯಾ? ಮೊದಲು ಹಿಂದಿನ ಬೋಲ್ಟ್ ಬಿಚ್ಚಿ ನೋಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸರ್, ನನ್ನದು ಒಂದೇ ಸಿಲಿಂಡರಿನ, 400 ಸಿಸಿ ಆಸುಪಾಸಿನ ಟೂರಿಂಗ್ ಬೈಕ್. ಬಿಎಸ್6 (ಹೊಸ ಮಾಲಿನ್ಯ ನಿಯಮದ) ಮಾಡೆಲ್. ಹೋದ ವರ್ಷ ಲಗೇಜ್ ಕಟ್ಟಲು ಎರಡೂ ಕಡೆ ಸ್ಯಾಡಲ್ ಸ್ಟೇ ಹಾಕಿಸಿದೆ. ಆಮೇಲೆ ಹರಪನಹಳ್ಳಿ ಮೇಲೆ ಹಂಪಿಗೆ ಹೋಗಿ ಬರುವಾಗ ಎಂಜಿನ್ ಹತ್ತಿರ ಚಟ್ ಚಟ್ ಅನ್ನೋ ಶಬ್ದ ಶುರುವಾಯಿತು. ನೋಡಿದರೆ ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್, ಎಂಜಿನ್ನಿಗೆ ಸೇರುವ ಫ್ಲೇಂಜ್ (ಬೋಲ್ಟ್ ಹಾಕುವ ಪಟ್ಟಿ) ಪಕ್ಕದಲ್ಲೇ ಸೀಳಿತ್ತು. ಮನೆ ಹತ್ತಿರ ಗೇಟು, ಕಿಟಕಿ ಮಾಡುವವರಲ್ಲಿ ವೆಲ್ಡಿಂಗ್ ಹಾಕಿಸಿದೆ. ಸ್ವಲ್ಪ ದಿನಕ್ಕೆ ಆ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಬಿರುಕು ಬಿಟ್ಟಿದೆ. ಮೈಲೇಜ್ ಕೂಡ ಇಳಿದಿದೆ. ಹೊಸ ಪೈಪ್ ಹಾಕಿಸಬೇಕಾ, ಇನ್ನೊಮ್ಮೆ ವೆಲ್ಡಿಂಗ್ ಸಾಕಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಸ್ಯಾಡಲ್ ಸ್ಟೇ ಹಾಕಿಸಿದ ಮೇಲೆ ಪೈಪ್ ಸೀಳಿತು ಅಂತ ನೀವೇ ಬರೆದಿದ್ದೀರಿ. ನನ್ನ ಅನುಮಾನವೂ ಅಲ್ಲೇ ಇದೆ. ಪೈಪ್ ಬಗ್ಗೆ ಆಮೇಲೆ ಮಾತಾಡೋಣ.

ಸುಮಾರು ಸ್ಟೇಗಳಿಗೆ ಬೇರೆ ಬೋಲ್ಟ್ ಜಾಗ ಇರುವುದಿಲ್ಲ. ಸೈಲೆನ್ಸರ್ ಹಿಂದಿನ ಬೋಲ್ಟನ್ನೇ ಬಿಚ್ಚಿ, ಅದೇ ಜಾಗದಲ್ಲಿ ಸ್ಟೇ ಪಟ್ಟಿ ತೂರಿಸಿ, ಉದ್ದದ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಪಟ್ಟಿ ನಾಲ್ಕೈದು ಮಿಲಿಮೀಟರ್ ದಪ್ಪ ಇದ್ದರೆ ಸೈಲೆನ್ಸರ್ ಅಷ್ಟು ಹೊರಗೆ ಸರಿಯುತ್ತದೆ. ಮುಂದಿನ ತುದಿ ಎಂಜಿನ್ ಹೆಡ್ಡಿಗೆ ಬಿಗಿದಿದೆ, ಅದು ಅಲ್ಲಾಡುವುದಿಲ್ಲ. ಆಗ ಎಳೆತವೆಲ್ಲ ಎಲ್ಲಿ ಬೀಳುತ್ತದೆ? ಫ್ಲೇಂಜ್ ಬುಡದಲ್ಲಿ. ಪೈಪ್ ಅತಿ ಜಾಸ್ತಿ ಕಾಯುವ ಜಾಗವೂ ಅದೇ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಬೈಕ್ ಪೂರ್ತಿ ತಣ್ಣಗಿರುವಾಗ ಸೈಲೆನ್ಸರನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಿಂದಿನ ಬೋಲ್ಟ್ ಬಿಚ್ಚಿ. ಬೋಲ್ಟ್ ಸಲೀಸಾಗಿ ಹೊರಬಂದು, ಎರಡೂ ತೂತು ಎದುರುಬದುರು ನಿಂತರೆ ಜೋಡಣೆ ಸರಿ ಇದೆ. ಬೋಲ್ಟ್ ಸಿಕ್ಕಿಕೊಂಡರೆ, ಅಥವಾ ಬಿಚ್ಚಿದ ಕೂಡಲೇ ಸೈಲೆನ್ಸರ್ ಆಚೆ ಈಚೆ ಜಿಗಿದರೆ, ಇಷ್ಟು ದಿನ ನಿಮ್ಮ ಪೈಪ್ ಆ ಎಳೆತದಲ್ಲೇ ಓಡಿದೆ ಅಂತ ತಿಳಿಯಿರಿ. ಈ ಎಳೆತ ತೆಗೆಯದೆ ಹೊಸ ಪೈಪ್ ಹಾಕಿದರೂ ಅದು ಸೀಳುತ್ತದೆ. ಸುಮ್ನೆ ದುಡ್ಡು ದಂಡ.

ಬೋಲ್ಟ್ ಬಿಚ್ಚಿದಾಗ ಅಲ್ಲಿನ ರಬ್ಬರ್ ಬುಷ್ ನೋಡುವುದನ್ನು ಮರೆಯಬೇಡಿ. ಉಗುರಿನಿಂದ ಒತ್ತಿ. ಮೆತ್ತಗೆ ಒಳಗೆ ಹೋಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಒಳಗಿನ ಕಬ್ಬಿಣದ ಕಾಲರ್ ಕಳೆದುಹೋಗಿದ್ದರೂ ಇದೇ ತೊಂದರೆ. ಆಗ ಬೋಲ್ಟ್ ಬಿಗಿದಷ್ಟೂ ರಬ್ಬರ್ ಅಪ್ಪಚ್ಚಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

ರಬ್ಬರಿಗೆ ಇಷ್ಟು ಮಹತ್ವ ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಅರ್ಧ ಮೀಟರ್ ಪೈಪ್ 400 ಡಿಗ್ರಿಯಷ್ಟು ಬಿಸಿ ಏರಿದರೆ ಮೂರು ಮಿಲಿಮೀಟರಿಗೂ ಜಾಸ್ತಿ ಉದ್ದವಾಗುತ್ತದೆ. ಸಾದಾ ಕಬ್ಬಿಣದ ಪೈಪ್ ಆದರೂ ಎರಡು ಮಿಲಿಮೀಟರ್ ದಾಟುತ್ತದೆ. ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಸವಾರಿಯಲ್ಲೂ ಇದು ನಡೆಯುತ್ತದೆ. ಹಿಗ್ಗಲು ಜಾಗ ಕೊಡುವುದು ಆ ರಬ್ಬರ್ ಮತ್ತು ಮಧ್ಯದ ಕ್ಲಾಂಪ್ ಜೋಡಣೆ. ಇದರ ಮೇಲೆ ಎಂಜಿನ್ ನಡುಕ ಬೇರೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ 4000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 33 ಸಲ ಬಿಸಿ ಗಾಳಿಯನ್ನು ಪೈಪಿಗೆ ಒದೆಯುತ್ತದೆ. ನಮ್ಮ ಎನ್‌ಎಚ್ 48ರಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಒಂದೇ ರೀತಿಯ ನಡುಕ ಒಂದೇ ಜಾಗಕ್ಕೆ ತಾಗುತ್ತಾ ಇರುತ್ತದೆ. ಲೋಹ ದಣಿದು ಸೀಳುವುದು ಹೀಗೆ.

ಈಗ ವೆಲ್ಡಿಂಗ್ ವಿಷಯ. ಗೇಟು ಮಾಡುವವರು ತಮ್ಮ ಕೆಲಸದಲ್ಲಿ ಪಳಗಿದವರೇ. ಆದರೆ ಅವರ ಮೆಷಿನ್ನು, ರಾಡು ದಪ್ಪ ಕಬ್ಬಿಣಕ್ಕೆ ಹೊಂದುವಂಥವು. ಬೆಂಡ್ ಪೈಪಿನ ಗೋಡೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಅಷ್ಟೆ. ಅದಕ್ಕೆ ದಪ್ಪ ರಾಡಿನಿಂದ ಗುಡ್ಡೆ ಗುಡ್ಡೆಯಾಗಿ ಬೆಸುಗೆ ಹಾಕಿದರೆ ಆ ಜಾಗ ಗಡುಸಾಗುತ್ತದೆ, ಪಕ್ಕದ ತೆಳು ಜಾಗ ನಡುಕವನ್ನೆಲ್ಲ ತಿನ್ನುತ್ತದೆ. ನಿಮ್ಮ ಎರಡನೇ ಬಿರುಕು ಪಕ್ಕದಲ್ಲೇ ಬಂದಿರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಬೇಕಾಗಿರುವುದು ಟಿಗ್ ವೆಲ್ಡಿಂಗ್. ನಮ್ಮ ಕಡೆ ಆರ್ಗಾನ್ ವೆಲ್ಡಿಂಗ್ ಅಂತಾರಲ್ಲ, ಅದೇ. ಬೈಕ್ ಗ್ಯಾರೇಜುಗಳಲ್ಲಿ ಸಿಗದಿದ್ದರೆ ಹೋಟೆಲ್ ಅಡುಗೆಮನೆಯ ಸ್ಟೀಲ್ ಟೇಬಲ್, ಸಿಂಕ್, ಕೌಂಟರ್ ಮಾಡುವವರನ್ನು ವಿಚಾರಿಸಿ. ದಾವಣಗೆರೆಯಂಥ ದೋಸೆ ಹೋಟೆಲುಗಳ ಊರಿನಲ್ಲಿ ಅಂಥವರು ಸಿಗದೆ ಇರುವುದಿಲ್ಲ. ತೆಳು ಸ್ಟೀಲ್ ಶೀಟಿನ ಮೇಲೆ ಅವರ ಕೈ ಕುದುರಿರುತ್ತದೆ.

ಅವರ ಹತ್ತಿರ ಕೆಲವು ಮಾತು ಮೊದಲೇ ಆಡಿಕೊಳ್ಳಿ. ಪೈಪ್ ಯಾವ ಲೋಹ ಅಂತ ಕೇಳುತ್ತಾರೆ. ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ 304ರಂಥ ಸ್ಟೇನ್‌ಲೆಸ್, ಅದಕ್ಕೆ 308ಎಲ್ ಫಿಲ್ಲರ್ (ಬೆಸುಗೆಗೆ ಕರಗಿಸುವ ಕಂಬಿ) ಹೊಂದುತ್ತದೆ. ಅಂಟಿದರೆ ಅದು ಕಬ್ಬಿಣವೂ ಇರಬಹುದು, 409 ದರ್ಜೆಯ ಸ್ಟೇನ್‌ಲೆಸ್ಸೂ ಇರಬಹುದು. ಪೈಪ್ ಸ್ಟೇನ್‌ಲೆಸ್ ಆಗಿ ಫ್ಲೇಂಜ್ ಕಬ್ಬಿಣವಾಗಿದ್ದರೆ 309ಎಲ್ ಬೇಕು. ಹಳೆಯ ವೆಲ್ಡಿಂಗ್ ಮೇಲೆಯೇ ಇನ್ನೊಂದು ಪದರ ಎಳೆಯಲು ಬಿಡಬೇಡಿ. ಅದನ್ನು ಗ್ರೈಂಡರ್‌ನಲ್ಲಿ ಪೂರ್ತಿ ತೆಗೆಸಿ. ಬಿರುಕಿನ ಎರಡೂ ತುದಿ ಹುಡುಕಿ, ಅಲ್ಲಿ ಎರಡೂವರೆ ಮೂರು ಮಿಲಿಮೀಟರಿನ ಸಣ್ಣ ತೂತು ಕೊರೆಸಿ. ಬಿರುಕು ಮುಂದಕ್ಕೆ ಓಡದಂತೆ ತಡೆಯುವುದು ಈ ತೂತು. ಬಿರುಕನ್ನೂ ತೂತನ್ನೂ ಸೇರಿಸಿ ಬೆಸುಗೆ ಹಾಕಬೇಕು. ಸ್ಟೇನ್‌ಲೆಸ್ ಪೈಪ್ ಆದರೆ ಒಳಗಡೆಗೂ ಆರ್ಗಾನ್ ಬಿಟ್ಟು ವೆಲ್ಡ್ ಮಾಡಲಿ. ಇಲ್ಲದಿದ್ದರೆ ಒಳಬದಿ ಕರಕಲಾಗಿ ಹರಳು ಹರಳಾಗುತ್ತದೆ. ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದು ಬಾಳಿಕೆ ಬರುವುದಿಲ್ಲ.

ಸ್ವಚ್ಛ ಮಾಡಲು ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಲೇಬೇಡಿ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ವೆಲ್ಡಿಂಗ್ ಬಿಸಿಗೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಅದು ಜೀವಕ್ಕೇ ಅಪಾಯ. ವೈರ್ ಬ್ರಷ್, ಅಸಿಟೋನ್ ಸಾಕು. ಅಸಿಟೋನ್ ಪೂರ್ತಿ ಆರಿದ ಮೇಲೆಯೇ ಕಿಡಿ ಹಚ್ಚಬೇಕು.

ಪೈಪನ್ನು ಬೈಕಿನಿಂದ ಬಿಚ್ಚಿಯೇ ವೆಲ್ಡ್ ಮಾಡಿಸಿ. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರನ್ನು (ಆಕ್ಸಿಜನ್ ಸೆನ್ಸರ್) ಮೊದಲೇ ತೆಗೆದಿಡಿ. ಅಳತೆ ತಪ್ಪಬಾರದು ಅಂತ ಬೈಕ್ ಮೇಲೆಯೇ ಎರಡು ಚುಕ್ಕೆ ಬೆಸುಗೆ ಹಾಕಲೇಬೇಕಾದರೆ ಬ್ಯಾಟರಿ ನೆಗೆಟಿವ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಪೈಪಿಗೇ ಕಚ್ಚಿಸಿ.

ಮೈಲೇಜ್ ಇಳಿದದ್ದಕ್ಕೂ ಈ ಬಿರುಕಿಗೂ ನಂಟಿದೆ. ಬಿರುಕಿನಿಂದ ಗಾಳಿ ಹೊರಗೆ ಮಾತ್ರ ಬರುವುದಿಲ್ಲ. ಎರಡು ಒದೆತಗಳ ನಡುವೆ ಪೈಪಿನೊಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಗೂ ನುಗ್ಗುತ್ತದೆ. ಬಿರುಕು ಸೆನ್ಸರಿಗಿಂತ ಮುಂಚೆ ಇದ್ದರೆ ಸೆನ್ಸರಿಗೆ ಆಕ್ಸಿಜನ್ ಜಾಸ್ತಿ ಕಾಣುತ್ತದೆ. ಪೆಟ್ರೋಲ್ ಕಡಿಮೆಯಾಯಿತು ಅಂತ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅನ್ನುವುದೂ ಇದೇ ಕಾರಣಕ್ಕೆ. ಹಾಗಾಗಿ ಸೆನ್ಸರ್ ಕೆಟ್ಟಿದೆ, ಇಂಜೆಕ್ಟರ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ, ಮೊದಲು ಸೋರಿಕೆ ನಿಲ್ಲಿಸಿ ಆಮೇಲೆ ನೋಡೋಣ ಅನ್ನಿ.

ಮತ್ತೆ ಜೋಡಿಸುವಾಗ ಕ್ರಮ ತಪ್ಪಬಾರದು. ಹೆಡ್ ಹತ್ತಿರ ಹೊಸ ಪ್ಯಾಕಿಂಗ್ ಹಾಕಿ. ಹಳೆಯದು ಒಮ್ಮೆ ಅಪ್ಪಚ್ಚಿಯಾಗಿರುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ. ಎಲ್ಲಾ ನಟ್ಟು ಬೋಲ್ಟುಗಳನ್ನು ಬೆರಳಲ್ಲೇ ಹಿಡಿಸಿ. ಸೈಲೆನ್ಸರನ್ನು ಸ್ವಲ್ಪ ಅಲ್ಲಾಡಿಸಿ ತಾನಾಗಿ ಕೂರಲು ಬಿಡಿ. ಆಮೇಲೆ ಹೆಡ್ಡಿನ ಎರಡು ನಟ್ಟುಗಳನ್ನು ಅದೊಂದಿಷ್ಟು ಇದೊಂದಿಷ್ಟು ಸಮನಾಗಿ ಬಿಗಿಯಿರಿ. ನಂತರ ಮಧ್ಯದ ಕ್ಲಾಂಪ್. ಕೊನೆಗೆ ಹಿಂದಿನ ಬೋಲ್ಟ್. ಎಷ್ಟು ಬಿಗಿಯಬೇಕು ಅನ್ನುವುದು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಟಾರ್ಕ್ ರೆಂಚ್‌ನಲ್ಲೇ ಬಿಗಿಸಿ. ಸ್ಟೇ ಪಟ್ಟಿಯನ್ನು ಸೈಲೆನ್ಸರ್ ಮತ್ತು ಚಾಸಿಸ್ ನಡುವೆ ತೂರಿಸದೆ ಬೇರೆ ಜಾಗಕ್ಕೆ ಬದಲಾಯಿಸಿ. ಸ್ಟೇ ಮಾಡಿದವರಿಗೆ ಹೇಳಿದರೆ ಅದು ದೊಡ್ಡ ಕೆಲಸವೇನಲ್ಲ.

ಹೊಸ ಪೈಪಾ, ವೆಲ್ಡಿಂಗಾ ಅಂತ ಕೇಳಿದಿರಿ. ಈಗಾಗಲೇ ಒಮ್ಮೆ ಸುಟ್ಟ ಜಾಗ ಅದು. ಹಳೆಯ ಬೆಸುಗೆ ತೆಗೆದ ಮೇಲೆ ಒಳ್ಳೆಯ ಲೋಹ ಉಳಿದಿದ್ದರೆ ಆರ್ಗಾನ್ ವೆಲ್ಡಿಂಗ್ ಸಾಕು. ಸುತ್ತಳತೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಳಿದ್ದರೆ, ಗೋಡೆ ತೆಳುವಾಗಿದ್ದರೆ ನಾನಾದರೆ ಹೊಸ ಪೈಪನ್ನೇ ಹಾಕಿಸುತ್ತೇನೆ.

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಬೈಕಿನಲ್ಲಿ ವಾಣಿವಿಲಾಸ ಸಾಗರ ನೋಡಿಕೊಂಡು ಹಿರಿಯೂರು ಕಡೆಯಿಂದ ವಾಪಸ್ ಬರುವಾಗ ಪೈಪ್ ಸೀಳಿತು. ಹೇಗೋ ನಿಧಾನಕ್ಕೆ ಊರು ಸೇರಿದೆವು. ಅಂಥ ಹೊತ್ತಲ್ಲಿ ದಾರಿಯಲ್ಲೇ ಏನು ಮಾಡಬಹುದಿತ್ತು? ಎಂಸೀಲ್ ಹಚ್ಚಬಹುದಾ?
– ಚಿತ್ರದುರ್ಗ

ಉತ್ತರ: ಎಂಸೀಲ್ ಬೇಡಮ್ಮಾ. ಬೆಂಡ್ ಪೈಪಿನ ಬಿಸಿಗೆ ಅದು ಸುಟ್ಟು ಉದುರುತ್ತದೆ. ಸಿಲಿಕೋನ್ ಗಮ್ಮೂ ಬೇಡ, ಅದರ ಆವಿ ಆಕ್ಸಿಜನ್ ಸೆನ್ಸರನ್ನು ಹಾಳು ಮಾಡುತ್ತದೆ. ಎಕ್ಸಾಸ್ಟಿಗೆಂದೇ ಮಾಡಿದ ಪುಟ್ಟಿ, ಬ್ಯಾಂಡೇಜ್ ಪಟ್ಟಿ ಸಿಗುತ್ತವೆ, ದೂರದ ಪ್ರಯಾಣಕ್ಕೆ ಒಂದು ಇಟ್ಟುಕೊಂಡರೆ ಒಳ್ಳೆಯದು. ಅವು ಇಲ್ಲದಿದ್ದರೆ ಕಬ್ಬಿಣದ ಡಬ್ಬಿಯೊಂದನ್ನು ಕತ್ತರಿಸಿ ಪಟ್ಟಿ ಮಾಡಿ, ಬಿರುಕಿನ ಸುತ್ತ ಎರಡು ಸುತ್ತು ಹಾಕಿ, ಎರಡು ಕಡೆ ಹೋಸ್ ಕ್ಲಿಪ್ ಬಿಗಿಯಿರಿ. ಕ್ಲಿಪ್ ಇಲ್ಲದಿದ್ದರೆ ಮನೆ ಕಟ್ಟುವ ಕಡೆ ಕಂಬಿ ಕಟ್ಟಲು ಬಳಸುವ ಬೈಂಡಿಂಗ್ ವೈರ್ ಆದೀತು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಬೇಡ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎಂಜಿನ್ ಬಾಯಿಂದ ಬರುವ ಗಾಳಿ ಅಷ್ಟು ಬಿಸಿ ಇರಬಲ್ಲದು.

ಇದಕ್ಕೆಲ್ಲ ಮೊದಲು ಅರ್ಧ ಗಂಟೆಯಾದರೂ ಬೈಕ್ ತಣಿಯಲಿ. ಬಿರುಕಿನ ಗಾಳಿ ಯಾವ ಕಡೆಗೆ ಹೊಡೆಯುತ್ತಿದೆ ನೋಡಿ. ಬ್ರೇಕ್ ಹೋಸ್, ವೈರಿಂಗ್, ಪೆಟ್ರೋಲ್ ಪೈಪ್, ಲಗೇಜ್ ಬ್ಯಾಗ್ ಅಥವಾ ಕಾಲಿನ ಕಡೆಗಿದ್ದರೆ ಮುಂದೆ ಹೋಗಬೇಡಿ. ಪೈಪ್ ಜೋತಾಡುತ್ತಿದ್ದರೂ ಅಷ್ಟೆ, ಬೈಕನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬನ್ನಿ. ಹಾಗೇನೂ ಇಲ್ಲದಿದ್ದರೆ ಎಂಜಿನ್ ಜಾಸ್ತಿ ರೇಸ್ ಮಾಡದೆ, ಸಾಧ್ಯವಾದರೆ ಹಿಂದೆ ಯಾರನ್ನೂ ಕೂರಿಸದೆ, ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ನಿಂತು ನೋಡುತ್ತಾ ಬರಬಹುದು.

ಇನ್ನೆರಡು ಎಚ್ಚರಿಕೆ. ಬೇಸಿಗೆಯಲ್ಲಿ ಜೋಗಿಮಟ್ಟಿ ಕಡೆ ಒಣಹುಲ್ಲಿನ ಮೇಲೆ, ಊರುಗಳ ಪಕ್ಕ ಮೆಕ್ಕೆಜೋಳದ ಸಿಪ್ಪೆ ಒಣಗಿರುವ ಕಡೆ ಇಂಥ ಬೈಕ್ ನಿಲ್ಲಿಸಬೇಡಿ. ಬಿರುಕಿನಿಂದ ಬರುವ ಬಿಸಿಗೆ ಬೆಂಕಿ ಹತ್ತಲು ತಡವಿಲ್ಲ. ಮನೆಗೆ ಬಂದ ಮೇಲೆ ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ಚಾಲೂ ಮಾಡಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವಷ್ಟರಲ್ಲಿ ತಲೆ ಸುತ್ತಿ ಬೀಳುತ್ತೀರಿ.

ಪ್ರಶ್ನೆ: ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಉಬ್ಬಿದ ಭಾಗದ ಹತ್ತಿರ ಬಿರುಕಿದೆ. ಅದನ್ನು ತೆಗೆದು ಖಾಲಿ ಪೈಪ್ ಹಾಕಿದರೆ ಖರ್ಚೂ ಕಡಿಮೆ, ಪಿಕಪ್ಪೂ ಜಾಸ್ತಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಮಾಡಿಸಲಾ?
– ಜಗಳೂರು

ಉತ್ತರ: ಬೇಡ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಬೈಕುಗಳ ಎಂಜಿನ್, ಸೆನ್ಸರ್, ಕನ್ವರ್ಟರ್ ಒಟ್ಟಾಗಿ ಕೆಲಸ ಮಾಡುವಂತೆ ಹೊಂದಿಸಿರುತ್ತಾರೆ. ಮಾಲಿನ್ಯ, ಶಬ್ದದ ನಿಯಮ ಮೀರಿ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ದಂಡದ ಮಾತು ಬಿಡಿ, ಆ ಹೊಗೆ ಕುಡಿಯುವವರು ನಿಮ್ಮ ಮನೆಯವರು, ನಿಮ್ಮ ಬೀದಿಯ ಮಕ್ಕಳು. ಬಿರುಕು ಹೊರಗಿನ ಚಿಪ್ಪಿನಲ್ಲಿ ಮಾತ್ರ ಇದ್ದರೆ ಟಿಗ್ ವೆಲ್ಡಿಂಗ್ ಹಾಕಬಹುದು. ತಣ್ಣಗಿರುವಾಗ ಕೈಯಿಂದ ತಟ್ಟಿ ನೋಡಿ. ಒಳಗೆ ಗಲಗಲ ಅಂದರೆ ಒಳಗಿನ ತಿರುಳು ಒಡೆದಿದೆ. ಆಗ ಬೇರೆ ದಾರಿಯಿಲ್ಲ, ಕಂಪನಿಯ ಭಾಗವನ್ನೇ ಹಾಕಿಸಿ.

ಪ್ರಶ್ನೆ: ಬೆಂಡ್ ಪೈಪ್ ಬಿಚ್ಚೋಣ ಅಂದರೆ ಹೆಡ್ಡಿನ ನಟ್ಟು ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಜೋರು ಮಾಡಲು ಭಯ.
– ಹರಿಹರ

ಉತ್ತರ: ಭಯ ಇರಲಿ, ಒಳ್ಳೆಯದೇ. ನಟ್ಟು ಕೂರುವ ಸ್ಟಡ್ (ಹೆಡ್ಡಿನಿಂದ ಹೊರಚಾಚಿದ ಬೋಲ್ಟ್) ಮುರಿದರೆ ಬಿರುಕಿಗಿಂತ ದೊಡ್ಡ ಕೆಲಸ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಕಬ್ಬಿಣ, ಅವಸರ ಮಾಡಿದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಹಾಕಿ, ನಟ್ಟಿನ ತಲೆಗೆ ಮೆಲ್ಲಗೆ ತಟ್ಟಿ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು ಜಾರಿ ನಟ್ಟಿನ ಮೂಲೆ ಸವೆಸುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯಿರಿ, ಆಮೇಲೆ ಸಡಿಲಿಸಿ. ಸ್ವಲ್ಪ ಬಂದು ಮತ್ತೆ ಬಿಗಿಯಾದರೆ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಶುರು ಮಾಡಿ. ಹಾಗೂ ಬರದಿದ್ದರೆ ನಟ್ಟಿಗೆ ಮಾತ್ರ ಬಿಸಿ ಕೊಡಬೇಕು. ಅದಕ್ಕೂ ಮುಂಚೆ ಎಣ್ಣೆ ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್ ತೆಗೆದಿಡಬೇಕು. ಇದನ್ನು ಮೆಕ್ಯಾನಿಕ್ಕಿಗೇ ಬಿಡಿ.

ಮುರಿದೇ ಹೋದರೆ ಹೊರಗುಳಿದ ತುಂಡಿಗೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆಯಬಹುದು. ಒಳಗೇ ಮುರಿದಿದ್ದರೆ ಲೇತ್ ಅಂಗಡಿಯ ಕೆಲಸ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ಊರು ನಿಮ್ಮದು, ಒಳ್ಳೆ ಟರ್ನರ್ ಸಿಗುವುದು ಕಷ್ಟವಾಗಲಾರದು. ಸರಿಯಾಗಿ ನಡುವಿಗೆ ಡ್ರಿಲ್ ಮಾಡಿ, ಮರೆ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಮರೆಯಾಗುವ ಸುರುಳಿ ತಂತಿ) ಹಾಕಿಕೊಡುತ್ತಾರೆ. ಹೊಸ ಸ್ಟಡ್ ಕೂರಿಸಿದ ಮೇಲೆ ನಟ್ಟು ಹಾಕುವ ಮರೆಗೆ ಬಿಸಿ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ (ನಟ್ಟು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸ್ವಲ್ಪ ಸವರಿ. ಪೇಸ್ಟ್ ಸವರಿದ ಮರೆಯಲ್ಲಿ ನಟ್ಟು ಸಲೀಸಾಗಿ ಓಡುತ್ತದೆ, ಆದ್ದರಿಂದ ಎಂದಿಗಿಂತ ಹಗುರ ಕೈಯಲ್ಲಿ ಬಿಗಿಯಿರಿ.