ರಾತ್ರಿ ಹನ್ನೊಂದಾದರೂ ಮುಗಿಯದ ಹೋಂವರ್ಕ್: ಯಾರ ಪಾಲು ಎಷ್ಟು?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಹಳ್ಳಿಯವರು ನಾವು. ಮಗಳು ಒಂಬತ್ತನೇ ಕ್ಲಾಸು. ಸಂಜೆ 5.30ಕ್ಕೆ ಮನೆಗೆ ಬರುತ್ತಾಳೆ. ಈಗ ಹತ್ತಿ ಬಿಡಿಸುವ ಹಂಗಾಮು. ನಾವು ಹೊಲದಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದು, ತಮ್ಮನನ್ನು ನೋಡಿಕೊಂಡು, ಎಂಟರ ಮೇಲೆ ಬರೆಯಲು ಕೂರುತ್ತಾಳೆ. ಹನ್ನೊಂದಾದರೂ ಮುಗಿಯುವುದಿಲ್ಲ. ನಮಗೆ ಓದು ಅಷ್ಟಕ್ಕಷ್ಟೆ. ಶಾಲೆಯಲ್ಲಿ ‘ನಿಮ್ಮ ಮನ್ಯಾಗ ಯಾರೂ ನೋಡಂಗಿಲ್ಲೇನು’ ಅಂತಾರಂತೆ. ಏನು ಮಾಡಬೇಕು?

ಉತ್ತರ: ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ 9ರಿಂದ 12ನೇ ತರಗತಿಗೆ ಹೋಂವರ್ಕ್ ದಿನಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ನೇ ತರಗತಿಗೆ 1 ಗಂಟೆ. ಇದು ಎಲ್ಲ ವಿಷಯಗಳೂ ಸೇರಿದ ಲೆಕ್ಕ. ಮಿತಿ ಮೀರುವುದು ಯಾರ ದುರುದ್ದೇಶದಿಂದಲೂ ಅಲ್ಲ. ನಾಲ್ವರು ಶಿಕ್ಷಕರು ತಲಾ 40 ನಿಮಿಷದ ಕೆಲಸ ಕೊಟ್ಟರೆ 2 ಗಂಟೆ 40 ನಿಮಿಷವಾಯಿತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಮೊದಲು ಒಂದು ವಾರ ಲೆಕ್ಕ ಇಡಿಸಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮಗಳು ವಿಷಯ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆಯಲಿ. ಪುಸ್ತಕ ನೋಡಿ ಹಾಗೇ ಇಳಿಸಿದ್ದರ ಮುಂದೆ ಗೆರೆ ಹಾಕಲಿ. ಆ ಹಾಳೆ ಹಿಡಿದು ಕ್ಲಾಸ್ ಟೀಚರನ್ನು ಕಾಣಿ. ‘ಜಾಸ್ತಿ ಆಗೇತ್ರಿ’ ಎಂಬ ಮಾತಿಗಿಂತ ಆ ಹಾಳೆಗೆ ತೂಕ ಹೆಚ್ಚು. ಬಹಳ ಸಲ ಹೊತ್ತು ಹೋಗಿರುವುದು ಸಮಾಜ ವಿಜ್ಞಾನದ ಪ್ರಶ್ನೋತ್ತರ ಇಳಿಸುವುದರಲ್ಲೇ. ಕೈ ದಣಿಯುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ಅದರ ಬದಲು ಪುಸ್ತಕ ಮುಚ್ಚಿ ನೆನಪಿದ್ದ ಐದು ಅಂಶ ಬರೆದು, ಆಮೇಲೆ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಲು ಬಿಡಿ ಎಂದು ಕೇಳಿ.

ಇನ್ನು ನಿಮ್ಮ ಪಾಲು. ಪಾಠ ಹೇಳುವುದು ನಿಮ್ಮ ಕೆಲಸವಲ್ಲ. ಹೊತ್ತು, ಬೆಳಕು, ಜಾಗ ಕೊಡುವುದು ನಿಮ್ಮ ಕೆಲಸ. ಆರರಿಂದ ಏಳರ ತನಕ ಅವಳನ್ನು ಯಾವ ಕೆಲಸಕ್ಕೂ ಕರೆಯಬೇಡಿ. ಗಣಿತ, ಇಂಗ್ಲಿಷ್ ಆಗಲೇ ಮುಗಿಯಲಿ, ರೊಟ್ಟಿ ಆಮೇಲೆ. ತಮ್ಮ ಆರೇಳನೇ ಕ್ಲಾಸಿನವನಾಗಿದ್ದರೆ ನೀರು ತರುವುದು, ಕಸ ಹೊಡೆಯುವುದನ್ನು ಅವನಿಗೆ ಹಚ್ಚಿ. ಗಂಡು ಹುಡುಗ ಅಂತ ಅವನನ್ನು ಬಿಟ್ಟು ಎಲ್ಲವನ್ನೂ ಹುಡುಗಿಯ ಮೇಲೆ ಹೇರುವುದು ಅನ್ಯಾಯ. ಕರೆಂಟ್ ಹೋದರೆ ಇರಲಿ ಅಂತ ಒಂದು ಚಾರ್ಜಿಂಗ್ ಲೈಟ್ ಇಟ್ಟುಕೊಳ್ಳಿ. ಸಹಿ ಹಾಕುವ ಮೊದಲು ‘ಇವತ್ತು ಏನು ಕಲಿತಿ, ಹೇಳು’ ಅಂತ ಐದು ನಿಮಿಷ ಕೇಳಿ. ತಡವರಿಸಿದರೆ ಅದು ಬಂದಿಲ್ಲ ಎಂದರ್ಥ. ಅದನ್ನು ಗುರುತಿಸಲು ನಿಮಗೆ ವಿಷಯ ಗೊತ್ತಿರಬೇಕಿಲ್ಲ.

ಮಗಳ ಪಾಲು: ಒಂದು ಲೆಕ್ಕಕ್ಕೆ ಹತ್ತು ನಿಮಿಷ ತಿಣುಕಿದರೂ ಬಾರದಿದ್ದರೆ, ಎಲ್ಲಿಗೆ ನಿಂತಿತೋ ಅಲ್ಲಿ ಸುತ್ತು ಹಾಕಿ ಮುಂದೆ ಹೋಗಬೇಕು. ಉದಾಹರಣೆಗೆ ಮೂರು ಬಾಹುಗಳಿಂದ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯುವ ಹೆರಾನ್‌ನ ಸೂತ್ರದ ಲೆಕ್ಕ: ಬಾಹುಗಳು 13, 14, 15 ಸೆಂ.ಮೀ. ಸುತ್ತಳತೆಯ ಅರ್ಧ 21. ಅದರಿಂದ ಒಂದೊಂದು ಬಾಹುವನ್ನು ಕಳೆದರೆ 8, 7, 6. ಆಮೇಲೆ 21×8×7×6 ಗುಣಿಸಿ 7056 ಬರೆದು ಅದರ ವರ್ಗಮೂಲಕ್ಕೆ ಸಿಕ್ಕಿಬೀಳುತ್ತಾರೆ. ಸುತ್ತು ಅಲ್ಲಿದ್ದರೆ ಶಿಕ್ಷಕರಿಗೆ ತಕ್ಷಣ ತಿಳಿಯುತ್ತದೆ: ಸೂತ್ರ ಬಂದಿದೆ, ವರ್ಗಮೂಲ ಬಂದಿಲ್ಲ. ಗುಣಿಸದೆ ಅಪವರ್ತನಗಳನ್ನು ಜೋಡಿ ಮಾಡಿದ್ದರೆ 4×3×7, ಅಂದರೆ 84 ಚದರ ಸೆಂ.ಮೀ. ಎರಡೇ ಸಾಲಿನಲ್ಲಿ ಸಿಗುತ್ತಿತ್ತು. ಗೆಳತಿಯ ನೋಟ್‌ಬುಕ್ ನೋಡಿ ಪೂರ್ತಿ ಬರೆದಿದ್ದರೆ ಈ ತೊಡಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪ್ರಶ್ನೆ: ಕುಷ್ಟಗಿ ಕಡೆಯ ಗಣಿತ ಶಿಕ್ಷಕ ನಾನು. ಕ್ಲಾಸಿನಲ್ಲಿ 50 ಮಕ್ಕಳು. ಅರ್ಧ ಜನ ಹೋಂವರ್ಕ್ ತರುವುದಿಲ್ಲ, ಉಳಿದವರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕಾಪಿ ಹೊಡೆಯುತ್ತಾರೆ. ಹೊರಗೆ ನಿಲ್ಲಿಸಿದರೂ ಪ್ರಯೋಜನವಿಲ್ಲ.

ಉತ್ತರ: ಹೊರಗೆ ನಿಲ್ಲಿಸುವುದನ್ನು ಇಂದೇ ಬಿಡಿ. ನಿನ್ನೆಯದು ಬಾರದ ಹುಡುಗನಿಗೆ ಇವತ್ತಿನದೂ ತಪ್ಪುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಒಂದೇ ಬಗೆಯ ಹನ್ನೆರಡು ಲೆಕ್ಕ ಬೇಡ, ನಾಲ್ಕು ಸಾಕು: ಎರಡು ಇವತ್ತಿನವು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಮೊದಲನೆಯದನ್ನು ಪಿರಿಯಡ್‌ನ ಕೊನೆಯ ಐದು ನಿಮಿಷದಲ್ಲಿ ಅಲ್ಲೇ ಶುರು ಮಾಡಿಸಿ. ಪೆನ್ನು ಎತ್ತದೆ ಕೂತವರು ಯಾರು ಎಂದು ಆಗಲೇ ಕಾಣುತ್ತದೆ. ಮರುದಿನ 50 ನೋಟ್‌ಬುಕ್ ತಿದ್ದಲು ಹೋಗಬೇಡಿ. ದಿನಕ್ಕೆ 10ರಂತೆ ಐದು ದಿನದಲ್ಲಿ ಎಲ್ಲರದೂ ಆಗುತ್ತದೆ. ತುಂಬಿದ ಪುಟಕ್ಕಲ್ಲ, ಲೆಕ್ಕ ನಿಂತಲ್ಲಿ ಮಕ್ಕಳು ಸುತ್ತು ಹಾಕಿದ ಜಾಗಕ್ಕೆ ಬೆಲೆ ಕೊಡಿ. ಖಾಲಿ ಪುಟಕ್ಕೆ ಬೈಗುಳ ಇರುವ ತನಕ ಕಾಪಿ ನಿಲ್ಲುವುದಿಲ್ಲ.

ಬಾಗಿಲ ಪಕ್ಕ ಒಂದು ಚಾರ್ಟ್ ಅಂಟಿಸಿ. ಪ್ರತಿ ಶಿಕ್ಷಕರು ತಾವು ಕೊಟ್ಟ ಕೆಲಸದ ಅಂದಾಜು ನಿಮಿಷ ಬರೆಯಲಿ, ಕ್ಲಾಸ್ ಲೀಡರ್ ಕೂಡಿಸಲಿ. 120 ಮುಟ್ಟಿದರೆ ಮುಂದಿನವರದು ನಾಳೆಗೆ. ಸಂಜೆ ವಾಟ್ಸಾಪ್‌ಗೆ ಹಾಕಿದರೆ ಸಾಲದು. ಫೋನು ಅಪ್ಪನ ಜೇಬಿನಲ್ಲಿ ಹೊಲದಲ್ಲೋ ಮಾರ್ಕೆಟ್ಟಿನಲ್ಲೋ ಇರುತ್ತದೆ. ಬೆಲ್ ಹೊಡೆಯುವ ಮುಂಚೆ ಬೋರ್ಡಿನ ಮೇಲೆ ಬರೆಯಿರಿ. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ ಹೋಂವರ್ಕಿಗೆಂದು ಶಾಲೆಯಲ್ಲೇ ಅರ್ಧ ಗಂಟೆ ಬಿಡುವು ಮಾಡಿಸಿಕೊಳ್ಳಿ. ಯಾರಾದರೂ ಸತತ ಮೂರು ದಿನ ಬಾರದಿದ್ದರೆ ಅದು ಹೋಂವರ್ಕಿನ ವಿಷಯವಲ್ಲ, ಮನೆಯವರು ಗುಳೆ ಹೊರಟಿರಬಹುದು; ಅಂದೇ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಿಳಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ಮಗನಿಗೆ ಟ್ಯೂಷನ್ ಹಚ್ಚಿದ್ದೇವೆ. ಅಲ್ಲಿಯೂ ಬೇರೆ ಹೋಂವರ್ಕ್ ಕೊಡುತ್ತಾರೆ. ಹತ್ತನೇ ಕ್ಲಾಸಿಗೆ ಎರಡೂ ಬೇಕೇ?

ಉತ್ತರ: ಬೇಡ. ಎರಡೂ ಸೇರಿ 2 ಗಂಟೆ ಮೀರಬಾರದು. ಶಾಲೆಯದನ್ನೇ ಅಲ್ಲಿ ಕೂತು ಮಾಡಲಿ, ಬೇರೆ ಕೊಡಬೇಡಿ ಎಂದು ಟ್ಯೂಷನ್ ಸರ್‌ಗೆ ಹೇಳಿ. ಆದರೆ ಅವರು ಉತ್ತರ ಹೇಳಿ ಬರೆಸಬಾರದು. ಮಗನ ತಪ್ಪು ತಪ್ಪಾಗಿಯೇ ಶಾಲೆಗೆ ಹೋಗಬೇಕು, ಇಲ್ಲವಾದರೆ ಶಾಲೆಯ ಶಿಕ್ಷಕರಿಗೆ ಅದು ಗೊತ್ತಾಗುವುದೇ ಇಲ್ಲ.