ಗಿರಿಜಾಳಿಗೆ ಸಮಾಧಾನದ ಮಾತು ಬೇಡ

ಆತ್ಮೀಯರೇ,

ಧಾರವಾಡದ ಸಪ್ತಾಪುರದ ಹಾಸ್ಟೆಲ್ಲಿನಲ್ಲಿರುವ ಮೂವರು ಪಿಯುಸಿ ಮಕ್ಕಳ ಕುರಿತ ನಿಮ್ಮ ಕತೆ ಓದಿದೆವು. ಮಕ್ಕಳ ಮಾತುಕತೆ ಚೆನ್ನಾಗಿ ಬಂದಿದೆ. ಆದರೆ ಈಗಿರುವಂತೆ ಪ್ರಕಟಿಸಲಾರೆವು. ಕಾರಣ ನಿಮ್ಮ ಆಪ್ತಸಮಾಲೋಚಕಿ. ಸಾರಿ ಸಾರಿ ಕೈ ತೊಳೆಯುವ ಗಿರಿಜಾ, ತಂದೆಯ ಅಪಘಾತವನ್ನು ಕಣ್ಣಾರೆ ಕಂಡ ಮಂಜುನಾಥ, ಕೈ ಕೊಯ್ದುಕೊಳ್ಳುವ ಸಹನಾ, ಮೂವರಿಗೂ ಆಕೆ ಕಣ್ಣು ಮುಚ್ಚಿಸಿ 'ಒಳ್ಳೆಯದನ್ನೇ ಯೋಚಿಸು' ಎನ್ನುತ್ತಾರೆ, ಮೂವರೂ ಒಂದೇ ಭೇಟಿಗೆ ಗುಣವಾಗುತ್ತಾರೆ. ಯಾರ ಸಂಕಟ ಯಾತರಿಂದ ಮುಂದುವರಿಯುತ್ತಿದೆ ಎಂದು ನೋಡದೆ ಚಿಕಿತ್ಸೆ ಆರಿಸಲು ಬರುವುದಿಲ್ಲ.

ಗಿರಿಜಾಳನ್ನೇ ತೆಗೆದುಕೊಳ್ಳಿ. 'ನಿನ್ನ ಕೈ ಸ್ವಚ್ಛ ಐತವ್ವಾ, ಏನೂ ಆಗಂಗಿಲ್ಲ' ಎಂಬ ಮಾತು ಕೇಳಲು ಹಿತ, ಆದರೆ ಗೀಳಿಗೆ ಅದೇ ಮೇವು. ಕೈ ತೊಳೆದಾಗಿನಂತೆ ಇಲ್ಲೂ ಗಳಿಗೆ ಹೊತ್ತು ನಿರಾಳ, ಮತ್ತೆ ಅದೇ ಅನುಮಾನ. ಇದಕ್ಕಿರುವುದು ಅಂಜಿಕೆಗೆ ಎದುರಾಗಿ, ತೊಳೆಯದೆ ಇರುವ ಅಭ್ಯಾಸ. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಹಾಕಿಕೊಟ್ಟ ದಾರಿ. ಮೊದಲು ಗಿರಿಜಾಳೇ ತನ್ನ ಅಂಜಿಕೆಗಳಿಗೆ 0ಯಿಂದ 100ರವರೆಗೆ ಅಂಕ ಕೊಡಲಿ: ರೂಮಿನ ಚಿಲಕಕ್ಕೆ 30, ಚಿಗರಿ ಬಸ್ಸಿನ ಕಂಬಿಗೆ 60, ಕಂಬಿ ಹಿಡಿದ ಕೈಯಿಂದಲೇ ಗಿರಮಿಟ್ ತಿನ್ನುವುದಕ್ಕೆ 90. ಶುರು ಮಾಡುವುದು ಕೆಳಗಿನಿಂದ. ಮುಟ್ಟಿ, ತೊಳೆಯದೆ ಕೂತು, ಈಗ ಅಂಕ ಎಷ್ಟೆಂದು ಆಗಾಗ ಹೇಳುತ್ತಿರಬೇಕು. ಅಂಜಿಕೆ ಮೊದಲು ಏರುತ್ತದೆ; ನೀವು ಬರೆಯಬೇಕಾದದ್ದು ಆ ಹೊತ್ತನ್ನೇ. ಐದೇ ನಿಮಿಷಕ್ಕೆ ನಲ್ಲಿಗೆ ಓಡಿದಳೋ, ತೊಳೆದದ್ದಕ್ಕೇ ಪಾರಾದೆ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಕೈ ತೊಳೆಯದೆ ಮನಸ್ಸಿನಲ್ಲೇ ಮಂತ್ರ ಎಣಿಸಿ ತಪ್ಪಿಸಿಕೊಳ್ಳುವುದೂ ಉಂಟು. ಹೊರಗೆ ಕಾಣದ ಈ ಕಳ್ಳದಾರಿಯನ್ನು ಕತೆಗಾರರು ಬಿಡಬಾರದು. ದಿನಾ ಫೋನಿನಲ್ಲಿ ಸಮಾಧಾನ ಹೇಳುವ ತಾಯಿಗೂ ಅದನ್ನು ನಿಲ್ಲಿಸಲು ಕಲಿಸಬೇಕು. ಸಾಮಾನ್ಯವಾಗಿ 12ರಿಂದ 20 ಭೇಟಿ ಹಿಡಿಯುತ್ತದೆ.

ಮಂಜುನಾಥನಿಂದ ಮೊದಲ ದಿನವೇ ಎಲ್ಲವನ್ನೂ ಹೇಳಿಸಿಬಿಟ್ಟಿದ್ದೀರಿ. ಆಘಾತದ ಚಿಕಿತ್ಸೆಯಲ್ಲಿ ಮೊದಲ ಕೆಲವು ವಾರ ಉಸಿರಾಟ, ಮೈ ಸಡಿಲಿಸುವುದು, ಭಾವನೆ ಗುರುತಿಸುವುದು. ಆಮೇಲೆ ಘಟನೆಯನ್ನು ತುಸುತುಸುವೇ ಬರೆಸಿ, ತಾಯಿಯನ್ನೂ ಸಿದ್ಧಗೊಳಿಸಿ, ಅವರೆದುರು ಓದಿಸುತ್ತಾರೆ.

ಸಹನಾಳಿಂದ ಸಿದ್ಧಾರೂಢರ ಮೇಲೆ ಆಣೆ ಹಾಕಿಸುವುದನ್ನು ತೆಗೆಯಿರಿ. ಆಣೆ ಮುರಿದ ಹುಡುಗಿ ಮುಚ್ಚಿಡುವುದನ್ನು ಕಲಿಯುತ್ತಾಳೆ. ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಚಿಕಿತ್ಸೆ) ಇಲ್ಲಿ ಹೊಂದುತ್ತದೆ: ಕೊಯ್ದುಕೊಳ್ಳಬೇಕೆಂಬ ತುಡಿತ ಎಷ್ಟಿತ್ತೆಂದು ದಿನಾ ಕಾರ್ಡಿನಲ್ಲಿ ಗುರುತು ಹಾಕುವುದು, ತಡೆಯಲಾಗದ ದಿನ ನಡೆದದ್ದನ್ನೆಲ್ಲ ಕೊಂಡಿ ಕೊಂಡಿಯಾಗಿ ಬಿಡಿಸಿ ನೋಡುವುದು, ತಂದೆತಾಯಿಗೂ ತರಬೇತಿ. ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ಹೇಳುತ್ತೇನೆಂದು ಆಪ್ತಸಮಾಲೋಚಕಿ ಮೊದಲ ಭೇಟಿಯಲ್ಲೇ ತಿಳಿಸಿರಬೇಕು. ಯಾತರಿಂದ, ಹೇಗೆ ಕೊಯ್ದುಕೊಂಡಳೆಂಬ ವಿವರ ಮಾತ್ರ ಬೇಡವೇ ಬೇಡ. ಅದೇ ಸ್ಥಿತಿಯಲ್ಲಿರುವ ಹುಡುಗಿಯೊಬ್ಬಳು ಇದನ್ನು ಓದಬಹುದು.

ಆಪ್ತಸಮಾಲೋಚಕಿ ಮಾತ್ರೆ ಬರೆದುಕೊಡುವಂತಿಲ್ಲ. ಮಾತ್ರೆ ಬೇಕಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ, ಅಲ್ಲಿಗೆ ಕಳಿಸಿ.

ಹತ್ತು ಪುಟದಲ್ಲಿ ಮೂರು ಚಿಕಿತ್ಸೆ ಹಿಡಿಸುವುದಿಲ್ಲ. ಗಿರಿಜಾಳೊಬ್ಬಳನ್ನೇ ಉಳಿಸಿಕೊಂಡು, ಬಸ್ಸಿನ ಕಂಬಿ ಮುಟ್ಟಿದ ಮೇಲಿನ ಮೊದಲ ಅರ್ಧ ಗಂಟೆಯನ್ನು ಬರೆದು ಕಳಿಸಿ. ಖಂಡಿತ ಓದುತ್ತೇವೆ.