ಗಂಡನ ಮುತ್ತಜ್ಜಿ ‘ರಷ್ಯಾದವರು’, ಆಡುತ್ತಿದ್ದದ್ದು ಜರ್ಮನ್: ಮೂಲ ಹುಡುಕೋದು ಹೇಗೆ?

ಡಿಎನ್‌ಎ ಟೆಸ್ಟ್ ಮಾಡಿಸಲಾ, ಇಲ್ಲ ರಷ್ಯಾದಲ್ಲಿ ಏಜೆಂಟ್ ಹಿಡಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮನೆ ಬೈಬಲ್ಲಿನ ಮೊದಲ ಪುಟದಲ್ಲಿ ‘ಬ್ಲೂಮೆನೋರ್ಟ್, ರಷ್ಯಾ’ ಅಂತ ಬರೆದಿದೆ ಅಂದ್ರಲ್ಲ, ಓದಿ ನಗು ಬಂತು. ನಮ್ಮನೆ ಬೈಬಲ್ಲಲ್ಲೂ ಅದೇ ಊರು.

ನಾನು ದಾವಣಗೆರೆಯವಳು, ಮದುವೆಯಾಗಿ ವಿನಿಪೆಗ್ ಸೇರಿ ಇಪ್ಪತ್ತಾರು ವರ್ಷ. ನಮ್ಮತ್ತೆಯ ತಾಯಿ ಹೆಲೆನಾ 1924ರಲ್ಲಿ ಕೆನಡಾಕ್ಕೆ ಬಂದವರು. ದಾರಿಗೆ ಅಂತ ಚೀಲದ ತುಂಬ ಟ್ವೀಬಾಕ್ ಒಣಗಿಸಿ ತಂದಿದ್ದರಂತೆ. ಒಂದು ಬನ್ನಿನ ತಲೆ ಮೇಲೆ ಇನ್ನೊಂದು ಪುಟ್ಟ ಬನ್ನು ಕೂತಿರುತ್ತೆ. ಒಣಗಿದರೆ ನಮ್ಮ ರಸ್ಕೇ. ಅತ್ತೆ ಈಗಲೂ ಶನಿವಾರ ಬಂತೆಂದರೆ ಅದನ್ನ ಮಾಡ್ತಾರೆ. ಅವರನ್ನ ರಷ್ಯನ್ನರು ಅಂದ್ರೆ ಸಿಟ್ಟು, ಜರ್ಮನ್ನರು ಅಂದ್ರೂ ಸಿಟ್ಟು. ಮೆನೊನೈಟರು, ಅಷ್ಟೇ. ಆಯುಧ ಹಿಡಿಯಲ್ಲ ಅನ್ನೋ ಒಂದು ಕ್ರೈಸ್ತ ಪಂಥದವರು. ನೆದರ್ಲೆಂಡ್ಸ್ ಕಡೆಯಿಂದ ಇವತ್ತಿನ ಪೋಲೆಂಡಿನ ವಿಸ್ಟುಲಾ ನದಿಯ ಬಯಲಿಗೆ, ಅಲ್ಲಿಂದ ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಕರೆದಳು ಅಂತ 1789ರಲ್ಲಿ ಖೋರ್ಟಿಟ್ಸಾ ವಸಾಹತಿಗೆ, 1804ರಲ್ಲಿ ಮೊಲೊಚ್ನಾ ವಸಾಹತಿಗೆ ಹೋದವರು. ಎರಡೂ ಇವತ್ತು ಉಕ್ರೇನಿನಲ್ಲಿವೆ. ರಷ್ಯಾದಲ್ಲಿ ಏಜೆಂಟ್ ಇಟ್ಟು ಏನು ಮಾಡ್ತೀರಿ? ಡಿಎನ್‌ಎ ಕಥೆಯೂ ಅಷ್ಟೇ. ತಲೆಮಾರುಗಳಿಂದ ಅದದೇ ಮನೆತನಗಳ ನಡುವೆ ಕೊಟ್ಟು ತಂದ ಜನ, ಟೆಸ್ಟ್ ಮಾಡಿಸಿದ್ರೆ ಯಾರನ್ನ ನೋಡಿದ್ರೂ ದಾಯಾದಿ ಅನ್ನುತ್ತೆ.

ನನ್ನ ತಪ್ಪು ಕೇಳಿ. ಬೈಬಲ್ಲಿನ ಪ್ರಕಾರ ಹೆಲೆನಾ ಅಜ್ಜಿಯ ಹುಟ್ಟುಹಬ್ಬ ಮಾರ್ಚ್ 16, ಇಸವಿ 1897. ದಾಖಲೆಗಳಲ್ಲಿ ಬ್ಲೂಮೆನೋರ್ಟಿನ ಹೆಲೆನಾ ಅಂತ ಇಬ್ಬರು ಸಿಕ್ಕರು, ಮನೆತನದ ಹೆಸರೂ ಒಂದೇ. ಒಬ್ಬಳದು ಮಾರ್ಚ್ 3, ಇನ್ನೊಬ್ಬಳದು ಸರಿಯಾಗಿ 16. ಹದಿನಾರನ್ನ ಹಿಡಿದೆ. ಯಾರಾದ್ರೂ ಅದನ್ನೇ ಹಿಡೀತಾರಲ್ವಾ? ಅಲ್ಲೇ ಎಡವಿದ್ದು. 1918ರ ಜನವರಿ ಮುಗಿಯೋವರೆಗೂ ರಷ್ಯಾದಲ್ಲಿ ಹಳೇ ಜೂಲಿಯನ್ ಕ್ಯಾಲೆಂಡರು. ಹತ್ತೊಂಬತ್ತನೇ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 12 ದಿನ ಹಿಂದೆ, 1900ರ ಮಾರ್ಚಿನಿಂದ 13 ದಿನ ಹಿಂದೆ. ಅಜ್ಜಿ ಹುಟ್ಟಿದ್ದು ಹಳೇ ಲೆಕ್ಕದ ಮಾರ್ಚ್ 3ಕ್ಕೆ. 12 ಕೂಡಿದರೆ 15 ಆಗಬೇಕಿತ್ತು. ಆದರೆ ಕ್ಯಾಲೆಂಡರ್ ಬದಲಾದಾಗ ಎಲ್ಲರ ಬಾಯಲ್ಲಿದ್ದ ಲೆಕ್ಕ 13, ಮನೆಯವರು ಅದನ್ನೇ ಕೂಡಿ 16 ಮಾಡಿಕೊಂಡರು. ಬೈಬಲ್ ಪುಟಕ್ಕೆ ಭೂತಗನ್ನಡಿ ಹಿಡಿದರೆ ‘16’ರ ಶಾಯಿ ಬೇರೆ ಬಣ್ಣ, ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿದೆ. ನಾನು ಕನ್ನಡಿ ಹಿಡಿದದ್ದು ಎರಡು ವರ್ಷ ಕಳೆದ ಮೇಲೆ.

ಆ ಇನ್ನೊಬ್ಬ ಹೆಲೆನಾ ಝಾಗ್ರಾಡೋವ್ಕಾ ವಸಾಹತಿನ ಬ್ಲೂಮೆನೋರ್ಟಿನವಳು, ನಮ್ಮಜ್ಜಿ ಮೊಲೊಚ್ನಾದ ಬ್ಲೂಮೆನೋರ್ಟಿನವರು. ಇಲ್ಲಿ ನಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲೂ ಒಂದಿದೆ. ನಮ್ಮ ಹೊಸಹಳ್ಳಿಗಳಿದ್ದ ಹಾಗೆ!

ಇದು ಗೊತ್ತಾಗದೆ, ಆ ಇನ್ನೊಬ್ಬಳ ಮನೆಯವರನ್ನೇ ಸೇರಿಸಿ, ಅತ್ತೆಯ ಎಂಬತ್ತನೇ ಹುಟ್ಟುಹಬ್ಬಕ್ಕೆ ವಂಶವೃಕ್ಷ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಅತ್ತೆ ಕನ್ನಡಕ ಏರಿಸಿ ಬೆರಳಿಟ್ಟು ಎಣಿಸಿದರು. “ಒಂಬತ್ತು ಮಕ್ಕಳಾ? ನನ್ನಮ್ಮನಿಗೆ ಇದ್ದದ್ದು ಇಬ್ಬರೇ ಅಣ್ಣಂದಿರು. ಇಬ್ಬರೂ 1919ರ ಟೈಫಸ್ ಜ್ವರಕ್ಕೆ ಹೋದರು.” ಊಟಕ್ಕೆ ಬಂದ ನಲವತ್ತು ಜನರ ಮುಂದೆ. ಅಷ್ಟರಲ್ಲಿ ಪಕ್ಕದ ಸಸ್ಕ್ಯಾಚೆವನ್ ಪ್ರಾಂತ್ಯದ ಒಂದು ಕುಟುಂಬಕ್ಕೆ ‘ನಾವು ನಿಮ್ಮ ನೆಂಟರು’ ಅಂತ ಕಾಗದವನ್ನೂ ಬರೆದಾಗಿತ್ತು. ಪಾಪ, ಅವರು ಈಗಲೂ ಕ್ರಿಸ್‌ಮಸ್ ಕಾರ್ಡ್ ಕಳಿಸ್ತಾರೆ.

ನೀವು ಮೊದಲು ಮುತ್ತಜ್ಜಿ ವಲಸೆಯ ಯಾವ ಅಲೆಯಲ್ಲಿ ಬಂದವರು ಅಂತ ತಿಳ್ಕೊಳ್ಳಿ. 1874ರಲ್ಲಿ ರಷ್ಯಾದಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು ಅಂತ ಹೊರಟ ಗುಂಪಾದ್ರೆ ಹಡಗಿನ ಪ್ರಯಾಣಿಕರ ಪಟ್ಟಿ ನೋಡಬೇಕು. 1923ರಿಂದ 1930ರೊಳಗೆ ಬಂದ ಸುಮಾರು 20,000 ಜನರಲ್ಲಿ ಒಬ್ಬರಾದ್ರೆ ನಿಮ್ಮ ಅದೃಷ್ಟ. ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆತಂದ ಆ ಗುಂಪಿನ ನೋಂದಣಿ ಕಾರ್ಡುಗಳು ವಿನಿಪೆಗ್‌ನ ಮೆನೊನೈಟ್ ಹೆರಿಟೇಜ್ ಆರ್ಕೈವ್ಸ್‌ನಲ್ಲಿವೆ. ಆಮೇಲೆ ‘ಗ್ರ್ಯಾಂಡ್‌ಮಾ’ ಅನ್ನೋ ಮೆನೊನೈಟರ ವಂಶಾವಳಿ ಡೇಟಾಬೇಸ್. ಅದರಲ್ಲಿ ದಿನಾಂಕ ಹನ್ನೆರಡು ಹದಿಮೂರು ದಿನ ಆಚೀಚೆ ಇದ್ರೆ ಬಿಡಬೇಡಿ, ಅಪ್ಪ ಅಮ್ಮ ಒಡಹುಟ್ಟಿದವರ ಹೆಸರು ತಾಳೆ ನೋಡಿ. ಹೆಸರನ್ನೂ ಪೂರ್ತಿ ನಂಬಬೇಡಿ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡ್ತಿದ್ರು. ಒಂದೇ ಮನೆಯಲ್ಲಿ ಎರಡು ಮಾರಿಯಾ ಸಿಕ್ಕರೆ ಗಾಬರಿಯಾಗದೆ ಮೊದಲನೆಯವಳು ಯಾವಾಗ ತೀರಿಕೊಂಡಳು ನೋಡಿ.